ಎಲ್ಲರ ಹುಳುವೂ ಒಂದೇ ದಿನ ಹಣ್ಣಾದಾಗ

ಸಂಘದಲ್ಲಿದ್ದದ್ದು ಹನ್ನೆರಡು ಮನೆಯೋ ಹದಿನಾಲ್ಕೋ, ಈಗ ಖಚಿತವಾಗಿ ಹೇಳಲಾರೆ. ಟ್ರಾಕ್ಟರ್ ಬಂದದ್ದು ಬೆಳಗ್ಗೆ ಎಂದು ನನ್ನ ನೆನಪು. ಅತ್ತೆ ಮಧ್ಯಾಹ್ನ ಎನ್ನುತ್ತಿದ್ದರು. ದಿನಚರಿಯಲ್ಲಿ ಆ ವಾರದ ಪುಟಗಳು ಖಾಲಿ ಇವೆ. ನನಗೆ ಅನುಕೂಲವಾಗುವಂತೆ ನೆನಪು ಏನೇನು ಬದಲಿಸಿದೆಯೋ ತಿಳಿಯದು. ಹೊಟ್ಟೆಕಿಚ್ಚು ಮಾತ್ರ ಹಾಗೇ ಇದೆ.

ಎಂಬತ್ತರ ದಶಕದ ಕೊನೆ. ಎಂ.ಕಾಂ. ಮುಗಿಸಿ ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ ಸೊಸೆಯಾಗಿ ಬಂದಿದ್ದೆ. ಊರಿನ ಹೆಂಗಸರು ರೇಷ್ಮೆ ಸಂಘ ಕಟ್ಟಿಕೊಂಡಾಗ, ಓದಿದವಳು ಎಂದು ನನ್ನನ್ನೇ ಮ್ಯಾನೇಜರ್ ಮಾಡಿದರು. ಮೊದಲ ಬೆಳೆ ಕೈಗೆ ಬಂದರೆ ಸಂಘವೂ ನನ್ನ ಕೆಲಸವೂ ಉಳಿಯುತ್ತವೆ, ಇಲ್ಲದಿದ್ದರೆ ಎರಡೂ ಇಲ್ಲ ಎಂದು ಮೊದಲೇ ಮಾತಾಗಿತ್ತು.

ಮನೆಯಲ್ಲಿ ಹಿರಿಯ ಸೊಸೆ ನನ್ನ ಓರಗಿತ್ತಿ. ಚಿಂತಾಮಣಿ ಕಡೆಯವಳು, ಓದಿದ್ದು ಏಳನೇ ಕ್ಲಾಸು. ಅಕ್ಕ ಎನ್ನುತ್ತಿದ್ದೆ. ಅವಳು ಯಾವ ಕೆಲಸವನ್ನೂ ಕೊನೆಯಿಂದ ಹಿಡಿಯುತ್ತಿದ್ದಳು. "ಗೂಡು ಬಿಡಿಸೋದು ಭಾನುವಾರ ಅಂದ್ರೆ ಹುಳ ಹಣ್ಣಾಗೋದು ಮಂಗಳವಾರ, ಅಷ್ಟೊತ್ತಿಗೆ..." ಎಂದು ಹುಳುವಿಗೆ ಸೊಪ್ಪು ಹೆಚ್ಚುತ್ತಲೇ ಹಿಂದಕ್ಕೆ ಎಣಿಸುತ್ತಿದ್ದಳು. "ಅವಳ ತಲೇನೇ ಪಂಚಾಂಗ ಕಣಮ್ಮ" ಎಂದು ಅತ್ತೆ ಹೇಳಿದಾಗಲೆಲ್ಲ ನಾನು ಏನೋ ನೆಪ ಮಾಡಿ ಒಳಗೆ ಎದ್ದು ಹೋಗುತ್ತಿದ್ದೆ.

ನಾನು ಚಾರ್ಟ್ ಬರೆದೆ. ದೊಡ್ಡ ಡ್ರಾಯಿಂಗ್ ಹಾಳೆ, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಎಲ್ಲ ಮನೆಗೂ ಹುಳುವಿನ ಮೊಟ್ಟೆ ತರುವುದು ಒಂದೇ ದಿನ, ಮುಂದಿನದೆಲ್ಲ ಒಂದೇ ಸಾಲಿನಲ್ಲಿ. ನೋಡಲು ಅಂದವಾಗಿತ್ತು. ಒಬ್ಬರಾದ ಮೇಲೆ ಒಬ್ಬರು, ವಾರ ಬಿಟ್ಟು ಮೊಟ್ಟೆ ತರುವ ಊರಿನ ವಾಡಿಕೆ ನನಗೆ ಬರೀ ಅಶಿಸ್ತಾಗಿ ಕಂಡಿತ್ತು.

ಹುಳು ಚೆನ್ನಾಗಿ ಬೆಳೆದವು. ಎಲ್ಲ ಮನೆಯಲ್ಲೂ ಒಟ್ಟಿಗೇ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಅವತ್ತು ಸಂಘದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

"ಮ್ಯಾನೇಜರಮ್ಮ, ಚಂದ್ರಿಕೆ ಎಲ್ಲಿ?"

ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಯೇ ಚಂದ್ರಿಕೆ. ಊರಲ್ಲಿ ಇದ್ದದ್ದು ನಾಲ್ಕೈದು ಮನೆಗಾಗುವಷ್ಟು. ಒಬ್ಬರ ಗೂಡು ಬಿಡಿಸಿದ ಮೇಲೆ ಅದೇ ಚಂದ್ರಿಕೆ ಇನ್ನೊಬ್ಬರ ಮನೆಗೆ ಹೋಗುತ್ತಿತ್ತು. ವಾರ ಬಿಡುವ ವಾಡಿಕೆ ಯಾಕೆಂದು ಆಗ ಹೊಳೆಯಿತು. ಹಣ್ಣಾದ ಹುಳು ಕಾಯುವುದಿಲ್ಲ. ಸೊಪ್ಪಿನ ಕಡ್ಡಿಗೆ, ಗೋಡೆಗೆ, ಎಲ್ಲೆಂದರಲ್ಲಿ ನೂಲು ಬಿಡತೊಡಗಿದವು.

ಆಗ ಕೆರೆ ಏರಿಯ ಮೇಲೆ ಟ್ರಾಕ್ಟರ್ ಕಂಡಿತು. ಟ್ರೈಲರ್ ತುಂಬ ಚಂದ್ರಿಕೆ, ಅವುಗಳ ಪಕ್ಕ ಅಕ್ಕನ ಅಣ್ಣ. "ಎಲ್ಲಾರ ಹುಳಾನೂ ಒಟ್ಟಿಗೇ ಹಣ್ಣಾಗುತ್ತಲ್ಲಮ್ಮ. ಅದಕ್ಕೇ ತವರಿಗೆ ಹೇಳಿ ಕಳಿಸಿದ್ದೆ" ಎಂದಳು ಅಕ್ಕ, ಇದೇನು ದೊಡ್ಡ ವಿಷಯ ಎನ್ನುವಂತೆ.

ನನಗೆ ಸಮಾಧಾನವಾಗಬೇಕಿತ್ತು. ಅದಕ್ಕೂ ಮೊದಲು ಅನ್ನಿಸಿದ್ದು ಬೇರೆ: ಆ ಟ್ರಾಕ್ಟರ್ ಏರಿಯ ಮೇಲೇ ಕೆಟ್ಟು ನಿಲ್ಲಲಿ. ನನ್ನ ಕೆಲಸ ಹೋದರೂ ಹೋಗಲಿ, ಅವಳಿಂದ ಉಳಿಯುವುದು ಬೇಡ. ಇದರಲ್ಲಿ ಮಾತ್ರ ನೆನಪು ತಪ್ಪಿಲ್ಲ.

ಚಂದ್ರಿಕೆ ಇಳಿಸುತ್ತ, ಬಾಗಿಲಿಗೆ ಬಂದಿದ್ದ ಆ ಹೆಂಗಸು, "ಮುಂದಿನ ಸಲ ಚಾರ್ಟಲ್ಲಿ ಅಕ್ಕಂಗೂ ಒಂದು ಬಣ್ಣ ಇಡಿ, ಮ್ಯಾನೇಜರಮ್ಮ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬೆಳೆ ಉಳಿಯಿತು, ಕೆಲಸವೂ ಉಳಿಯಿತು. ಮುಂದಿನ ಚಾರ್ಟನ್ನು ಕೊನೆಯ ದಿನದಿಂದ ಹಿಂದಕ್ಕೆ ಬರೆದೆ. ತೊಂಬತ್ತರ ದಶಕದಲ್ಲಿ ಗೌರಿಬಿದನೂರಿನಲ್ಲಿ ಸಂಘಗಳ ಹೊಸ ಮ್ಯಾನೇಜರುಗಳಿಗೆ ಪಾಠ ಹೇಳಲು ನನ್ನನ್ನು ಕರೆದರು. ಜನರನ್ನು ನಡೆಸಲು ಬಂದರೆ ಸಾಲದು, ಕೆಲಸವನ್ನು ದಿನ ದಿನಕ್ಕೆ ಹಂಚಲು ಬರಬೇಕು. ಒಂದೇ ಸಾಮಾನು ಒಂದೇ ದಿನ ಎಷ್ಟು ಜನಕ್ಕೆ ಬೇಕಾಗುತ್ತದೆ ಎಂದು ಮೊದಲು ಕೇಳಿಕೊಳ್ಳಿ ಎಂದೆ. ಎಲ್ಲಿ ಕಲಿತಿರಿ ಮೇಡಂ ಎಂದು ಯಾರೋ ಕೇಳಿದರು. ಅನುಭವ ಎಂದೆ. ಅಕ್ಕನ ಮಾತೆತ್ತಲಿಲ್ಲ.

ಚಂದ್ರಿಕೆ ಸಾಲದೆಂದು ಗೊತ್ತಿದ್ದೂ ಅವಳು ನನಗೆ ಹೇಳಲಿಲ್ಲ, ನನ್ನ ಸೋಲಿಗೆ ಕಾದಳು ಎಂದು ವರ್ಷಗಟ್ಟಲೆ ನಂಬಿದ್ದೆ. ಈಚೆಗೆ ಇನ್ನೊಂದು ನೆನಪು ಬರುತ್ತಿದೆ. ನಾನು ಚಾರ್ಟ್ ಬರೆಯುತ್ತಿದ್ದೇನೆ, ಸೊಪ್ಪಿನ ಮಂಕರಿ ಹೊತ್ತ ಯಾರೋ ಬಾಗಿಲಲ್ಲಿ ನಿಂತು "ಎಲ್ಲಾರ್ದೂ ಒಂದೇ ದಿನಾನಾ?" ಎನ್ನುತ್ತಾರೆ. ನಾನು ತಲೆಯೆತ್ತದೆ ಹೂಂ ಎನ್ನುತ್ತೇನೆ. ಇದು ನಡೆದದ್ದೋ, ಆಮೇಲೆ ನಾನೇ ಸೇರಿಸಿಕೊಂಡದ್ದೋ?

ಹೋದ ತಿಂಗಳು ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಿದ್ದಾಗ ಕೇಳಿಯೇಬಿಟ್ಟೆ. "ಅಕ್ಕಾ, ಅವತ್ತು ನೀನು ನನಗೆ ಹೇಳಿದ್ಯಾ, ಇಲ್ಲ ಹೇಳದೇ ಬಿಟ್ಯಾ?"

ಅಕ್ಕ ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಹಾಕುತ್ತಲೇ ಇದ್ದಳು.