ಹೆರಿಗೆ ಕೋಣೆಯಲ್ಲಿ ದುಭಾಷಿ

ನನ್ನ ನಾದಿನಿಗೆ ಕಲ್ಯಾಣದ ಒಂದು ಆಸ್ಪತ್ರೆಯಲ್ಲಿ ಹೆರಿಗೆಯಾಗಿತ್ತು. ಡೊಂಬಿವ್ಲಿಯ ನಮ್ಮ ಮನೆಯಿಂದ ದಿನಾ ಗಂಜಿ, ಹುರುಳಿ ಸಾರು ಕಟ್ಟಿಕೊಂಡು ಮಧ್ಯಾಹ್ನದ ಲೋಕಲ್ ರೈಲಿನಲ್ಲಿ ಹೋಗುತ್ತಿದ್ದೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು.

ಅವತ್ತು ಅವಳು ಊಟ ಮಾಡುತ್ತಿದ್ದಾಗ ಸಿಸ್ಟರ್ ಒಬ್ಬಳು ವಾರ್ಡಿನ ಬಾಗಿಲಿಗೆ ಓಡಿ ಬಂದು, ಇಲ್ಲಿ ಯಾರಿಗಾದರೂ ಕನ್ನಡ ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದಳು. ನಾನು ಎದ್ದೆ.

ನಾದಿನಿ ನನ್ನ ಸೆರಗು ಹಿಡಿದಳು. "ಕೂತ್ಕೊಳ್ಳಿ ಅತ್ತಿಗೆ. ಬೇರೆಯವರ ವಿಷಯ ನಮಗೆಂತಕ್ಕೆ?"

ಹೆರಿಗೆ ಕೋಣೆಯ ಹೊರಗೆ ಡಾಕ್ಟರ್ ನಿಂತಿದ್ದರು. ನನಗಿಂತ ಚಿಕ್ಕ ಪ್ರಾಯದ ಹೆಂಗಸು, ಮುಖ ಬಾಡಿತ್ತು. ಒಳಗಿರುವವಳು ಕಲಬುರಗಿ ಕಡೆಯವಳು, ಠಾಕುರ್ಲಿಯಲ್ಲಿ ಕಟ್ಟಡದ ಕೆಲಸ, ಇದು ಮೂರನೆಯ ಹೆರಿಗೆ ಎಂದರು. ಮಗುವಿನ ಎದೆಬಡಿತ ಇಳಿಯುತ್ತಿದೆ, ಸಿಸೇರಿಯನ್ ಆಗಲೇಬೇಕು, ಅದರ ಜೊತೆಗೇ ಸಂತಾನಹರಣ ಚಿಕಿತ್ಸೆಯನ್ನೂ ಮಾಡುತ್ತೇವೆ. ಗಂಡ ಒಪ್ಪಿದ್ದಾನೆ, ಆದರೆ ಅವಳು ಮಂಚದ ಕಂಬಿ ಬಿಡುತ್ತಿಲ್ಲ. "ಹೇಗಾದರೂ ಒಪ್ಪಿಸಿ. ಹೊತ್ತಿಲ್ಲ."

ಗಂಡ ಗೋಡೆಗೆ ಒರಗಿ ನಿಂತಿದ್ದ. ಮೈಮೇಲೆ ಇನ್ನೂ ಸಿಮೆಂಟಿನ ಧೂಳು. ನಾನು ಒಳಗೆ ಕಾಲಿಡುವಷ್ಟರಲ್ಲಿ ಅವನ ತಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಕೂಸಿನ ಆಪರೇಶನ್ ಅಂತಷ್ಟ ಹೇಳ್ರಿ ಬಾಯಿ. ಮಕ್ಕಳಾಗಲಾರದ ಆಪರೇಶನ್ ಸುದ್ದಿ ತಗೀಬ್ಯಾಡ್ರಿ. ಅದು ಕೇಳಿದ್ರ ಇಕಿ ಏಳಂಗಿಲ್ಲ. ಕೂಸು ಸಾಯ್ತದ."

ಅವಳು ಕೆಟ್ಟ ಹೆಂಗಸೆಂದು ನನಗೆ ಅನಿಸಲಿಲ್ಲ. ಸೊಸೆಯ ಹೊಟ್ಟೆ ಮತ್ತೆ ಮತ್ತೆ ಕೊಯ್ಯಿಸುವುದು ಬೇಡವೆಂದೇ ಹಾಗೆ ಹೇಳುತ್ತಿರಬೇಕು. ಅವಳು ಹೇಳಿದಂತೆ ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಕೋಣೆಯಲ್ಲಿ ಎರಡೂ ಭಾಷೆ ಚೆನ್ನಾಗಿ ಬರುತ್ತಿದ್ದುದು ನನಗೊಬ್ಬಳಿಗೇ.

ಮಂಚದ ಮೇಲಿದ್ದವಳು ನನ್ನ ಕನ್ನಡ ಕೇಳಿದ ಕೂಡಲೇ ನನ್ನತ್ತ ತಿರುಗಿದಳು. ತುಟಿ ಕಚ್ಚಿ ರಕ್ತ ಬಂದಿತ್ತು.

"ಯಕ್ಕಾ, ನನಗ ಏನ್ ಮಾಡ್ತಾರಂತ ಮೊದಲ ಹೇಳ್ರಿ. ಹಿಂದಿನ ಸಲ ಮಕ್ಕಳಾಗಬಾರದಂತ ಹೇಳಲಾರದ ಒಳಗ ವಂಕಿ ಹಾಕಿದ್ರು. ಎಷ್ಟೋ ತಿಂಗಳ ರಕ್ತ ಹೋತು. ದೆವ್ವ ಬಡದದ ಅಂತ ಊರಿಗೆ ಕರ್ಕೊಂಡು ಹೋದ್ರು. ಕಡೀಕ ಅಲ್ಲಿ ದವಾಖಾನ್ಯಾಗ ನೋಡಿ ತಗದ್ರು. ನನ್ನ ಹೊಟ್ಟ್ಯಾಗ ಏನದ ಅಂತ ನನಗ ಗೊತ್ತಿರಲಿಲ್ಲ."

ಮತ್ತೊಂದು ನೋವು ಬಂದು ಮಾತು ನಿಂತಿತು. ಸಿಸ್ಟರ್ ಹೊಟ್ಟೆಗೆ ಯಂತ್ರ ಒತ್ತಿ ಬಡಿತ ಕೇಳಿ ಡಾಕ್ಟರ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ. ಮಗು ಕಷ್ಟದಲ್ಲಿದೆ, ಹೊಟ್ಟೆ ಕೊಯ್ದು ತೆಗೆಯಬೇಕು. ಅದರ ಜೊತೆಗೆ ಮುಂದೆ ಮಕ್ಕಳಾಗದಂತೆಯೂ ಮಾಡುತ್ತಾರೆ, ನಿನ್ನ ಗಂಡ ಒಪ್ಪಿದ್ದಾನೆ.

ಅವಳು ಕಣ್ಣು ಮುಚ್ಚಿದಳು. ಬಾಗಿಲಲ್ಲಿ ಅವಳ ಅತ್ತೆ ಹಣೆ ಹಣೆ ಬಡಿದುಕೊಳ್ಳತೊಡಗಿದಳು.

"ಕೂಸಿನ್ನ ತಗೀಲಿ," ಎಂದಳು ಕೊನೆಗೆ. "ಅದೊಂದಕ್ಕ ನಾ ಒಪ್ಪೀನಿ. ಎರಡನೇದು ಈಗ ಬ್ಯಾಡ. ಕೂಸಿನ ಮಾರಿ ನೋಡಿ, ವಿಚಾರ ಮಾಡಿ ಹೇಳ್ತೀನಿ. ಹಂಗ ಅಂತ ಡಾಕ್ಟರ್ ಬಾಯಾರು ನನಗ ಹೇಳ್ಲಿ."

ನಾನು ವಂಕಿಯ ಕತೆಯನ್ನೂ ಬಿಡದೆ ಡಾಕ್ಟರಿಗೆ ಮರಾಠಿಯಲ್ಲಿ ಹೇಳಿದೆ. ಅವರಿಗೆ ಸಿಟ್ಟು ಬಂತು, ಯಾರ ಮೇಲೆಂದು ನನಗೆ ತಿಳಿಯಲಿಲ್ಲ. "ಇವಳಿಗೆ ಗೊತ್ತಿದೆ ಅಂದಿದ್ದರಲ್ಲ ಮನೆಯವರು?" ಎಂದು ಬಾಗಿಲ ಕಡೆ ನೋಡಿದರು. ಆಮೇಲೆ ಮಂಚದ ಹತ್ತಿರ ಬಗ್ಗಿ, ಮಗುವನ್ನು ಮಾತ್ರ ತೆಗೆಯುತ್ತೇನೆ, ಬೇರೇನೂ ಮಾಡುವುದಿಲ್ಲ, ಒಳಗೆ ಏನೂ ಹಾಕುವುದಿಲ್ಲ ಎಂದು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ನಾನು ಒಂದೊಂದೇ ಮಾತನ್ನು ಕನ್ನಡಕ್ಕೆ ತಂದೆ. ಅವಳು ಕಂಬಿ ಬಿಟ್ಟಳು. ಸಹಿಯನ್ನು ತಾನೇ ಕನ್ನಡದಲ್ಲಿ ಸೊಟ್ಟಸೊಟ್ಟಾಗಿ ಮಾಡಿದಳು.

ಆಪರೇಶನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಅತ್ತೆ ನನ್ನಿಂದ ದೂರ ಸರಿದು ಕೂತಳು. "ಕೂಸಿಗೆ ಏನರ ಆದ್ರ ನೀವೇ ಹೊಣಿ," ಎಂದಳು. ನನಗೂ ಅದೇ ಭಯ. ಇಷ್ಟೆಲ್ಲ ಮಾತಾಡಿ ಎಷ್ಟು ಹೊತ್ತು ಕಳೆದೆವೋ. ನಾದಿನಿ ಹೇಳಿದಂತೆ ಸುಮ್ಮನೆ ಕೂತಿದ್ದರೆ ಈ ಬೆಂಚಿನ ಮೇಲೆ ನಾನಿರುತ್ತಿರಲಿಲ್ಲ. ಒಳಗಿಂದ ಪಾತ್ರೆಯ ಸದ್ದು ಕೇಳುತ್ತಿತ್ತು, ಅಳು ಕೇಳುತ್ತಿರಲಿಲ್ಲ. ಬಾಗಿಲು ತೆರೆದು ಸಿಸ್ಟರ್ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬೇರೆ ಕೋಣೆಗೆ ಓಡಿದಳು. ನಮ್ಮ ಕಡೆ ನೋಡಲೂ ಇಲ್ಲ. ಗಂಡ ಅಲ್ಲೇ ನೆಲದ ಮೇಲೆ ಕುಸಿದು ಕೂತ.

ಅಳು ಕೇಳಿದ್ದು ಬಹಳ ಹೊತ್ತಿನ ಮೇಲೆ. ಸಣ್ಣ, ಕಿರಿಕಿರಿಯ ಅಳು. ಹೆಣ್ಣುಮಗು.

ಮಾರನೆಯ ದಿನ ಅವಳ ಮಂಚಕ್ಕೂ ಗಂಜಿ ಒಯ್ದೆ. ಅತ್ತೆ ಮುಖ ತಿರುಗಿಸಿದಳು. ಗಂಡ ಡಾಕ್ಟರೊಡನೆ ಮಾತಾಡಬೇಕು, ಕನ್ನಡದಲ್ಲಿ ತಿಳಿಸುತ್ತೀರಾ ಎಂದು ಕೇಳಿದ. ಡಾಕ್ಟರ್ ಬಂದು, ಮಕ್ಕಳಾಗದಿರಲು ಹೆಂಗಸರಿಗೆ ಏನೇನಿದೆ, ಗಂಡಸರಿಗೆ ಏನಿದೆ ಎಂದೆಲ್ಲ ವಿವರಿಸಿದರು. ಗಂಡಸರಿಗೂ ಆಪರೇಶನ್ ಇದೆಯೆಂದು ನಾನು ಹೇಳಿದಾಗ ಅವಳು ಮಗುವಿಗೆ ಹಾಲು ಕುಡಿಸುತ್ತಲೇ ಗಂಡನನ್ನು ನೋಡಿ, "ಕೇಳಿದಿ ಇಲ್ಲ? ನೀನೂ ವಿಚಾರ ಮಾಡು," ಎಂದಳು. ಅವನು ತಲೆ ತಗ್ಗಿಸಿ ಸಣ್ಣಗೆ ನಕ್ಕ.

ಅವರು ಹೊರಡುವ ದಿನದವರೆಗೂ ಏನೂ ತೀರ್ಮಾನವಾಗಿರಲಿಲ್ಲ. ಹೊಲಿಗೆ ಬಿಚ್ಚಿಸಲು ಬಂದಾಗ ಹೇಳುತ್ತೇನೆ ಎಂದು ಡಾಕ್ಟರಿಗೆ ತಿಳಿಸಲು ಅವಳು ನನಗೆ ಹೇಳಿದಳು. ನಾನು ತಿಳಿಸಿದೆ. ಡಾಕ್ಟರ್ ಆಗಲಿ ಎಂದರು.