ಟೈಲರಕ್ಕ ಹಾಲು ಕೊಟ್ಟಿದ್ದು

ನಮ್ಮ ಬೀದಿಯ ಟೈಲರಕ್ಕನಿಂದ ಏನನ್ನಾದರೂ ಬಿಟ್ಟಿಯಾಗಿ ಪಡೆದವರು ಯಾರೂ ಇರಲಿಲ್ಲ. ಕತ್ತರಿಸಿ ಉಳಿದ ಚೂರುಬಟ್ಟೆಯೂ ಅವಳ ಚೀಲ ಬಿಟ್ಟು ಹೊರಬರುತ್ತಿರಲಿಲ್ಲ. ಸೂಜಿ ಕೇಳಲು ಹೋದವರಿಗೆ, "ನನ್ನ ಸೂಜಿಗೆ ನನ್ನ ಕೈಯೇ ಅಭ್ಯಾಸ" ಎಂದುಬಿಡುತ್ತಿದ್ದಳು.

ಅಂಥವಳಿಗೆ ಮಗಳು ಹುಟ್ಟಿದಳು; ಎದೆಹಾಲು ಉಕ್ಕಿ ಹರಿಯಿತು. ಮಗು ಹೊಟ್ಟೆ ತುಂಬ ಕುಡಿದು ಮಲಗಿದ ಮೇಲೂ ಅವಳ ಬಟ್ಟೆಯೆಲ್ಲ ಒದ್ದೆ. "ಅಯ್ಯೋ, ಎಷ್ಟು ದಂಡವಾಗ್ತಿದೆ!" ಎಂದು ಪೇಚಾಡುವಾಗ, ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನಾದಿನಿ ಸಮಯ ನೋಡಿ ಬಾಯಿ ಹಾಕಿದಳು.

"ದಂಡ ಯಾಕೆ ಅತ್ತಿಗೆ? ನಮ್ಮಲ್ಲಿ ತಿಂಗಳು ತುಂಬದೆ ಹುಟ್ಟಿದ ಕೂಸುಗಳಿವೆ. ಅವಕ್ಕೆ ಡಬ್ಬಿ ಹಾಲಿಗಿಂತ ತಾಯಿಹಾಲೇ ಒಗ್ಗೋದು. ಕೊಡಿ."

ಟೈಲರಕ್ಕ ಹೋದಳು. "ಇಷ್ಟೊಂದು ರಕ್ತ ಯಾಕೆ?" ಎಂದು ಗೊಣಗುತ್ತಲೇ ಪರೀಕ್ಷೆಗೆ ತೋಳು ಚಾಚಿದಳು. ಹಾಲು ತೆಗೆಯುವ ಪಂಪ್ ಹಿಡಿದು ಕೂತು ಬಾಟಲಿ ತುಂಬಿಸಿದಳು. ಹಾಲನ್ನು ಹದವಾಗಿ ಕಾಯಿಸಿ, ತಣಿಸಿ, ಪರೀಕ್ಷಿಸಿದ ಮೇಲೆಯೇ ಕೂಸಿಗೆ ಕೊಡುವುದು ಎಂದು ನಾದಿನಿ ಹೇಳಿದಾಗ, "ನನ್ನ ಹಾಲಿನ ಮೇಲೂ ಅನುಮಾನವಾ?" ಎಂದು ಮೂಗು ಮುರಿದಳು.

ಒಂದು ದಿನ ಗಾಜಿನಾಚೆ ಒಂದು ಕೂಸನ್ನು ಕಂಡಳು. ಅವಳು ಹೊಲಿಯುವ ಅಂಗಿತೋಳಿನಲ್ಲಿ ಇಡೀ ಕೂಸೇ ಹಿಡಿಸುವಂತಿತ್ತು. ನಾದಿನಿ ಅದರ ಮೂಗಿನ ಸಣ್ಣ ನಳಿಕೆಯಲ್ಲಿ ಹಾಲು ಇಳಿಸಿ ಹೊರಬಂದಳು.

"ಬಾಟಲಿಗಟ್ಟಲೆ ಕೊಟ್ಟರೆ ತೊಟ್ಟು ತೊಟ್ಟು ಹಾಕ್ತೀಯಲ್ಲೇ! ನನಗಿಂತ ಜುಗ್ಗಿ ನೀನು!"

"ಅದರ ಹೊಟ್ಟೆ ಎಷ್ಟಿದೆ ಅಂದ್ಕೊಂಡ್ರಿ ಅತ್ತಿಗೆ? ಗೋಲಿಯಷ್ಟು."

ಟೈಲರಕ್ಕ ಮತ್ತೊಮ್ಮೆ ಗಾಜಿನಾಚೆ ಇಣುಕಿದಳು. ಪಕ್ಕದ ಬೆಂಚಿನಲ್ಲಿ ಕೂಸಿನ ತಾಯಿ, ತನಗೆ ಹಾಲೇ ಬರಲಿಲ್ಲವೆಂದು ಅಳುತ್ತಿದ್ದಳು. ಸಮಾಧಾನ ಹೇಳುವುದು ಟೈಲರಕ್ಕನಿಗೆ ಬಾರದ ವಿದ್ಯೆ. "ಅತ್ತರೆ ಹಾಲು ಬರುತ್ತಾ? ಏಳು, ಪಂಪ್ ಹಿಡಿಯೋದು ತೋರಿಸ್ತೀನಿ" ಎಂದು ಗದರಿ ಎಬ್ಬಿಸಿದಳು. ಆಮೇಲೆ ದಿನವೂ ಜತೆಗೆ ಕೂತಳು. ನಾದಿನಿ ಕೂಸನ್ನು ಮೊದಲ ಸಲ ತಾಯಿಯ ಎದೆಯ ಮೇಲೆ ಮಲಗಿಸಿದಾಗ ಉಸಿರು ಬಿಗಿಹಿಡಿದಿದ್ದವಳು ಟೈಲರಕ್ಕನೇ.

ಒಂದು ಬೆಳಿಗ್ಗೆ ಆ ತಾಯಿ ಆಸ್ಪತ್ರೆಯ ಬಾಗಿಲಲ್ಲೇ ಎದುರಾದಳು. "ಅಕ್ಕಾ, ನಂಗೂ ಹಾಲು ಬಂತು! ಸಾಕಾಗುವಷ್ಟು! ಇನ್ನು ನಿಮ್ಮದು ಬೇಡ್ವಂತೆ!"

ಟೈಲರಕ್ಕನ ಮುಖ ಅರಳಿತು. ಮರುಗಳಿಗೆಯಲ್ಲೇ ಸಪ್ಪಗಾಯಿತು. "ಬೇಡ್ವಾ? ಹಾಗಂದ್ರೇನು? ಇಷ್ಟು ದೂರ ಬಂದಿದೀನಲ್ಲ!"

ನಾದಿನಿ ನಗು ತಡೆದುಕೊಂಡಳು. "ನಿನ್ನೆ ಅವಳಿ ಹುಟ್ಟಿವೆ ಅತ್ತಿಗೆ. ಅವರಮ್ಮ ಇನ್ನೂ ಹಾಸಿಗೆ ಬಿಟ್ಟೆದ್ದಿಲ್ಲ."

"ಎರಡು ಬಾಯಿ ಕಾಯ್ತಿರೋವಾಗ ಇಲ್ಲಿ ಮಾತಾಡ್ತಾ ನಿಂತಿದೀಯಲ್ಲೇ! ದಾರಿ ಬಿಡು" ಎಂದು ಟೈಲರಕ್ಕ ಒಳನುಗ್ಗಿದಳು.