ದೋಣಿಗೆ ಹೊಲಿದ ಗವಸು

ಹರಿಹರದ ನನ್ನ ದೊಡ್ಡಪ್ಪನಿಗೆ ಹೊಳೆಯಾಚೆ ತೋಟವಿತ್ತು, ದಾಟಲು ಸ್ವಂತ ದೋಣಿಯಿತ್ತು. ಐವತ್ತರ ದಶಕದ ಕೊನೆಯಲ್ಲಿ ಅವರ ಮಗಳ ಮದುವೆ ಆ ತೋಟದಲ್ಲೇ ನಡೆಯಿತು. ನಾನೂ ಅವ್ವನೂ ದೋಣಿ ಹತ್ತಿ ಕೂತಿದ್ದೆವು. ಮದುಮಗಳು ಬರುತ್ತಿದ್ದಂತೆ ದೊಡ್ಡಪ್ಪ ಎಲ್ಲರೆದುರು, "ಗಂಡ ಸತ್ತಾಕಿ ಮುಂದೆ ಕುಂತ್ರೆ ಹೆಂಗೆ? ಇಳಿ, ಆಮ್ಯಾಲೆ ಕರೆಸ್ತೀನಿ" ಎಂದರು. ಅವ್ವ ಇಳಿದಳು. ನಾನೂ ಇಳಿದೆ. ಸಂಜೆಯವರೆಗೂ ದೋಣಿ ನಮಗಾಗಿ ಬರಲಿಲ್ಲ. ಅವತ್ತಿನ ಕಿಚ್ಚು ಈಗಲೂ ಆರಿಲ್ಲ. ಆರಲಿ ಎಂದು ನಾನೂ ಬಯಸಿಲ್ಲ.

ಆಗ ನಾನು ದಾವಣಗೆರೆಯಲ್ಲಿ ಲಾರಿಗಳಿಗೆ ತಾಡಪಾಲು ಹೊಲಿಯುವ ಅಂಗಡಿಯಲ್ಲಿದ್ದೆ. ಮರುವರ್ಷ ಮಳೆಗಾಲಕ್ಕೆ ಮುಂಚೆ ದೊಡ್ಡಪ್ಪ ಅಲ್ಲಿಗೇ ಬಂದರು. ಹೊಳೆ ತುಂಬಿದಾಗ ದಡಕ್ಕೆ ಎಳೆದಿಡುವ ದೋಣಿಗೆ ಕ್ಯಾನ್ವಾಸಿನ ಗವಸು ಬೇಕಿತ್ತು. ಮಾಲೀಕರಿಗೆ ಅಳತೆ ಕೊಟ್ಟು ಹೋದರು. ಒಳಗೆ ದಬ್ಬಣ ಹಿಡಿದು ಕೂತಿದ್ದ ನನ್ನ ಕಡೆ ಕಣ್ಣೆತ್ತಲಿಲ್ಲ.

"ಎರಡೂ ತುದಿಗೆ ಗಾಳಿಕಿಂಡಿ ಬಿಡು, ಇಲ್ದಿದ್ರೆ ಹಸಿ ಮರ ಕೊಳಿತೈತೆ" ಎಂದು ಮಾಲೀಕರು ಹೇಳಿದ್ದರು. ನಾನು ಬಿಡಲಿಲ್ಲ. ಮೇಣ ಹಚ್ಚಿದ ದಾರದಲ್ಲಿ ಎರಡೆರಡು ಸಾಲು ಹೊಲಿದು, ಅಂಚಿಗೆ ಹಗ್ಗ ಪೋಣಿಸಿ, ದೋಣಿಯ ಮೈಗೆ ಬಿಗಿಯಾಗಿ ಕೂರುವಂತೆ ಮಾಡಿದೆ. ಮಾಲೀಕರು ಊಟಕ್ಕೆ ಹೋದಾಗ ಮಡಚಿ ಕಟ್ಟಿಟ್ಟೆ. ಅಷ್ಟು ಅಚ್ಚುಕಟ್ಟಾದ ಕೆಲಸ ನಾನು ಮತ್ತೆ ಮಾಡಲಿಲ್ಲ.

ಎರಡು ಮಳೆಗಾಲ ಕಾದೆ. ಎರಡನೆಯ ಸಲ ಗವಸು ಬಿಚ್ಚಿದಾಗ ತಳದ ಹಲಗೆಗೆ ಹೆಬ್ಬೆರಳು ಒತ್ತಿದರೆ ಒಳಗಿಳಿಯುತ್ತಿತ್ತಂತೆ. ಸುದ್ದಿ ಕೇಳಿದ್ದೇ ತಡ, ಜಿಲೇಬಿ ಕಟ್ಟಿಸಿಕೊಂಡು ಮನೆಗೆ ಓಡಿದೆ.

ಅಕ್ಕಿ ಕೇರುತ್ತಿದ್ದ ಅವ್ವ ಮೊರ ಕೆಳಗಿಟ್ಟು ಪೂರ್ತಿ ಕೇಳಿದಳು.

"ಹೊಲಿದೋನು ನೀನು ಅಂತ ಅವಂಗೆ ಗೊತ್ತೈತೇನು?"

"ಇಲ್ಲ."

"ಹಂಗಾದ್ರೆ ಮಳಿಗಾಲಕ್ಕೆ ಬೈಕೊಂತ ಕುಂತಿರ್ತಾನೆ. ನನಗೇನು ಬಂತು ಅದ್ರಾಗೆ?"

ಭಾವನನ್ನು ಅವಳು 'ಅವನು' ಎಂದದ್ದು ಅದೇ ಮೊದಲು. ಜಿಲೇಬಿ ಮುಟ್ಟಲಿಲ್ಲ.

ಮರುದಿನ ಬೆಳಗಿನ ರೈಲಿಗೆ ಹರಿಹರಕ್ಕೆ ಹೋದೆವು. ದೊಡ್ಡಪ್ಪ ಜಗಲಿಯ ಮೇಲಿದ್ದರು. ಅವ್ವ ನಿಂತೇ ಹೇಳಿದಳು: "ಭಾವ, ಆ ಗವಸು ಹೊಲಿದೋನು ನನ್ನ ಮಗ. ಒಳಗೆ ಗಾಳಿ ಆಡಬಾರ್ದು ಅಂತನೇ ಹೊಲಿದಾನೆ. ಮದುವಿ ದಿನ ನನ್ನನ್ನ ದೋಣಿಯಿಂದ ಇಳಿಸಿದ್ರಲ್ಲ, ಅದಕ್ಕೆ."

ಬೈಯುತ್ತಾರೆ, ಕೈ ಎತ್ತಿದರೂ ಎತ್ತಿಯಾರು ಎಂದು ನಾನು ಅವ್ವನ ಮುಂದೆ ಬಂದು ನಿಂತೆ. ದೊಡ್ಡಪ್ಪ ನಮ್ಮಿಬ್ಬರ ಮುಖ ನೋಡಿ, "ನಾನು ಇಳಿಸಿದ್ನಾ? ಯಾವಾಗ?" ಎಂದರು. ಅದು ನಾಟಕವಾಗಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.

ಅವ್ವ ನನ್ನನ್ನು ಪಕ್ಕಕ್ಕೆ ಸರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವರೆದುರೇ ಕೂತಳು.

"ಮನಿ ಮಂದಿನೆಲ್ಲ ಹೊರಗೆ ಕರೀರಿ" ಎಂದಳು. "ಮೊದ್ಲಿಂದ ಹೇಳ್ತೀನಿ."